ಮಂಗಳೂರು ಸೆಂಟ್ರಲ್: ಹಳಿ ಯಾವ ದಿಕ್ಕಿನಿಂದ ಬಂತು?

ಮಂಗಳೂರಿನ ರೈಲು ಚರಿತ್ರೆ ಓದುವಾಗ ಇಸವಿಗಳು ತಲೆಯಲ್ಲಿ ಕಲಸಿಹೋಗುತ್ತವೆ. ಅದಕ್ಕೇ ಮೊದಲು ದಿಕ್ಕು ನೆನಪಿಟ್ಟುಕೊಳ್ಳಿ. ಹಳಿ ಮೊದಲು ದಕ್ಷಿಣದಿಂದ ಬಂತು, ಆಮೇಲೆ ಪೂರ್ವದ ಘಟ್ಟದಿಂದ, ಕೊನೆಗೆ ಉತ್ತರದಿಂದ.

ಬೆಳಿಗ್ಗೆ ಹೊತ್ತು ಹಂಪನಕಟ್ಟೆ ಹತ್ತಿರದ ಸೆಂಟ್ರಲ್ ನಿಲ್ದಾಣದಲ್ಲಿ ಸ್ವಲ್ಪ ನಿಂತು ನೋಡಿ. ಕಾಸರಗೋಡು ಕಡೆಯ ರೈಲಿನಿಂದ ಕಾಲೇಜು ಮಕ್ಕಳು ಇಳಿಯುತ್ತಾರೆ, ಆಸ್ಪತ್ರೆ ಫೈಲ್ ಹಿಡಿದವರು ಇಳಿಯುತ್ತಾರೆ. ತುಳು, ಬ್ಯಾರಿ, ಕನ್ನಡ, ಮಲಯಾಳಂ ಎಲ್ಲ ಒಟ್ಟಿಗೇ ಕೇಳಿಸುತ್ತದೆ. ಯಾಕೆ ಹೀಗೆ ಅಂತ ಕೇಳಿದರೆ ಉತ್ತರ 1907ರಲ್ಲಿದೆ.

ಮದ್ರಾಸ್ ರೈಲ್ವೆ ಆ ವರ್ಷ ಮಲಬಾರಿನ ಹಳಿಯನ್ನು ನೇತ್ರಾವತಿ ದಾಟಿಸಿ ಇಲ್ಲಿಗೆ ತಂದಿತು. ಆ ಹಳಿಯ ಮೊದಲ ತುಂಡು 1861ರದ್ದು, ಈಗಿನ ಕೇರಳದ ಬೇಪೂರು–ತಿರೂರು ನಡುವೆ. ಅಲ್ಲಿಂದ ಇಲ್ಲಿಗೆ ತಲುಪಲು 46 ವರ್ಷ! ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು, ನಡುವೆ ಘಟ್ಟ ಬೇರೆ. ಹಾಗಾಗಿ ಮಂಗಳೂರಿಗೆ ರೈಲಿನಲ್ಲಿ ಮದ್ರಾಸೇ ಹತ್ತಿರವಾಯಿತು.

ಇಲ್ಲಿ ಒಂದು ಮುಖ್ಯ ವಿಷಯ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಹಳಿ ಮಾತ್ರ ಇದ್ದಲ್ಲೇ ಇತ್ತು. ನಿಲ್ದಾಣದ ಆಡಳಿತವೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲೇ ಉಳಿಯಿತು. ಕರ್ನಾಟಕದ ನಿಲ್ದಾಣಕ್ಕೆ ಪಾಲಕ್ಕಾಡಿನ ಆಡಳಿತ ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ಈ ಕಥೆಯನ್ನೇ ಬರೆಯಿರಿ.

ಪೂರ್ವದ ಘಟ್ಟದಿಂದ ಬಂದದ್ದು ಹಾಸನದ ಹಳಿ, ಅದು ಪೂರ್ತಿಯಾದದ್ದು 1979ರಲ್ಲಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., ಅದರಲ್ಲಿ 57 ಸುರಂಗ. ಇಳಿಜಾರು 50ಕ್ಕೆ 1. ಅಂದರೆ ರೈಲು 50 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಕೆಳಗಿಳಿಯುತ್ತದೆ. ಒಂದು ಕಿ.ಮೀ.ಗೆ 20 ಮೀಟರ್. ರಸ್ತೆಗೆ ಇದು ಏನೂ ಅಲ್ಲ, ಆದರೆ ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆ ಅಲ್ವಾ? ಅದಕ್ಕೇ ಭಾರದ ಗಾಡಿಗಳಿಗೆ ಜಾಸ್ತಿ ಎಂಜಿನ್ ಬೇಕು, ವೇಗವೂ ಕಡಿಮೆ. ಮೊದಲು ಹಾಕಿದ್ದು ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರ. ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟೂ ವರ್ಷ ಬೆಂಗಳೂರಿಗೆ ಹೋಗುವವರಿಗೆ ರಾತ್ರಿ ಬಸ್ಸೇ ಗತಿ.

ಉತ್ತರದ್ದು ಕೊಂಕಣ ರೈಲ್ವೆ. ಮಂಗಳೂರು–ಉಡುಪಿ ತುಂಡು 1993ರಲ್ಲಿ, ಪೂರ್ತಿ ಮಾರ್ಗ 1998ರಲ್ಲಿ. ಸುರತ್ಕಲ್ ಹತ್ತಿರದ ತೋಕೂರಿನಿಂದ ಮಹಾರಾಷ್ಟ್ರದ ರೋಹಾವರೆಗೆ.

ಈಗ ನಕ್ಷೆ ತೆಗೆಯಿರಿ. ಸೆಂಟ್ರಲ್ ದಕ್ಷಿಣದಿಂದ ಬಂದ ಹಳಿಯ ಕೊನೆ. ಕೇರಳದಿಂದ ಮುಂಬೈಗೆ ಹೋಗುವ ರೈಲು ಒಳಗೆ ಬಂದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿ ವಾಪಸ್ ಹೊರಡಬೇಕು. ಆದ್ದರಿಂದ ಅಂಥ ರೈಲುಗಳು ನಾವು ಇನ್ನೂ ಕಂಕನಾಡಿ ಅಂತಲೇ ಕರೆಯುವ ಮಂಗಳೂರು ಜಂಕ್ಷನ್ ನಿಲ್ದಾಣದಲ್ಲಿ ನಿಂತು ಹೋಗುತ್ತವೆ. ಮುಂಬೈಗೆ ಹೋಗುವ ಮತ್ಸ್ಯಗಂಧ ಮಂಗಳೂರಿನಿಂದಲೇ ಹೊರಡುವ ರೈಲು, ಅದಕ್ಕೆ ಸೆಂಟ್ರಲ್‌ಗೇ ಹೋಗಬೇಕು. ಕೇರಳದಿಂದ ಬರುವ ನೇತ್ರಾವತಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಇದ್ದರೆ ಆಟೋದವರಿಗೆ ಜಂಕ್ಷನ್ ಅಂತ ಹತ್ತುವ ಮೊದಲೇ ಹೇಳಿ.