ಸಾರಿನಲ್ಲಿ ಬೆರೆಸಿದ ಮಾತ್ರೆ

ಅಮ್ಮನ ಹಣೆಯ ಮೇಲೆ ನಾಲ್ಕು ಹೊಲಿಗೆ. ಪಕ್ಕದಲ್ಲಿ ಇಪ್ಪತ್ತೈದರ ಮಗ ತಲೆ ತಗ್ಗಿಸಿ ಕೂತಿದ್ದ. ಜೊತೆಗೆ ಬಂದಿದ್ದ ಸೋದರಮಾವ ಬಾಗಿಲಲ್ಲೇ ನಿಂತಿದ್ದರು. "ಡಾಕ್ಟ್ರೇ, ಇವನನ್ನ ಎಲ್ಲಾದ್ರೂ ಒಳಗೆ ಹಾಕಿಬಿಡಿ. ನಾಳೆ ಬೀದೀಲಿ ಹೋಗೋರನ್ನ ಕೊಂದ್ರೆ ಯಾರು ಗತಿ?"

ಬೀದಿಯಲ್ಲಿ ಹೋಗುವವರ ಬಗ್ಗೆ ನನಗೆ ಅಷ್ಟು ಭಯ ಇರಲಿಲ್ಲ. ಅಮೆರಿಕದಲ್ಲಿ 1998ರಲ್ಲಿ ಮ್ಯಾಕಾರ್ಥರ್ ಅಧ್ಯಯನ ಅಂತ ಒಂದು ಪ್ರಕಟವಾಯಿತು. ಮನೋರೋಗ ಆಸ್ಪತ್ರೆಯಿಂದ ಮನೆಗೆ ಹೋದವರು ಮುಂದಿನ ಒಂದು ವರ್ಷ ಹೇಗಿದ್ದರು ಅಂತ ನೋಡಿದರು. ಪಿಟ್ಸ್‌ಬರ್ಗ್ ಊರಿನಲ್ಲಿ ಅಕ್ಕಪಕ್ಕದವರನ್ನೂ ವಿಚಾರಿಸಿದರು. ಕುಡಿತ, ಡ್ರಗ್ಸ್ ಇಲ್ಲದ ರೋಗಿಗಳು, ಅವೆರಡೂ ಇಲ್ಲದ ನೆರೆಯವರಿಗಿಂತ ಜಾಸ್ತಿ ಹೊಡೆದಾಡಿರಲಿಲ್ಲ. ಕುಡಿತ ಸೇರಿದಾಗ ಮಾತ್ರ ಲೆಕ್ಕ ಏರಿತ್ತು. ಏಟು ತಿಂದವರು ಹೆಚ್ಚಾಗಿ ಮನೆಯವರು ಮತ್ತು ಗೆಳೆಯರು. ಅಪರಿಚಿತರು ಕಡಿಮೆ.

ಇಲ್ಲದ ದನಿ ಕೇಳಿಸುವ, ಸುಳ್ಳು ಸಂಶಯ ಕಾಡುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಅಪಾಯ ಸ್ವಲ್ಪ ಹೆಚ್ಚು ಎನ್ನುವ ಅಧ್ಯಯನಗಳೂ ಇವೆ. ರೋಗಿಗಳ ಮೇಲಿನ ಪ್ರೀತಿಯಿಂದ ಅದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಆದರೆ ಆ ಅಪಾಯ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಕಾಯಿಲೆ ಮೊದಲ ಸಲ ಬಂದು ಇನ್ನೂ ಚಿಕಿತ್ಸೆ ಶುರುವಾಗದ ದಿನಗಳಲ್ಲಿ, ಮಾತ್ರೆ ಬಿಟ್ಟಾಗ, ಕುಡಿದಾಗ ಅದು ಏರುತ್ತದೆ. ಅದಕ್ಕೇ ನಾನು "ಏನು ಮಾಡಿದ?" ಅಂತ ಕೇಳುವ ಮೊದಲು "ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ?" ಅಂತ ಕೇಳುತ್ತೇನೆ.

ಈ ಹುಡುಗ ಐದು ರಾತ್ರಿ ಮಲಗಿರಲಿಲ್ಲ. ಊಟವೂ ಸರಿಯಾಗಿರಲಿಲ್ಲ. ಯಾಕೆ ಅಂದರೆ, "ಅಮ್ಮ ನಂಗೆ ಮದ್ದು ಹಾಕ್ತಾಳೆ" ಅಂದ.

ಮದ್ದು ಹಾಕುವುದು ಅಂದರೇನು ಅಂತ ನಮ್ಮ ಹಳ್ಳಿಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಕಾಯಿಲೆಯ ಸಂಶಯ ತನ್ನ ಮಾತನ್ನು ಊರಿನಿಂದಲೇ ಎತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಇದನ್ನು ಭ್ರಮೆ ಅಂತ ಬರೆದುಕೊಂಡು ಮುಂದೆ ಹೋಗುತ್ತೇವೆ. ಇವನ ವಿಷಯದಲ್ಲಿ ಅಮ್ಮನನ್ನು ಬೇರೆ ಕೂರಿಸಿ ಕೇಳಿದೆ. ಅವರು ಅತ್ತರು. ಮಗ ಮಾತ್ರೆ ಬೇಡ ಅಂತ ಹಠ ಹಿಡಿದಿದ್ದ. ಎರಡು ತಿಂಗಳಿಂದ ಅದನ್ನು ಪುಡಿ ಮಾಡಿ ಸಾರಿಗೆ ಬೆರೆಸುತ್ತಿದ್ದರಂತೆ.

ಅಂದರೆ ಹುಡುಗ ಹೇಳಿದ್ದು ನಿಜ! ಊಟವಾದ ಮೇಲೆ ಮೈ ಬಿಗಿಯುತ್ತಿತ್ತು, ಕೈ ನಡುಗುತ್ತಿತ್ತು, ನಾಲಿಗೆ ದಪ್ಪವಾದಂತೆ ಆಗುತ್ತಿತ್ತು. ಎಲ್ಲವೂ ಆ ಮಾತ್ರೆಯ ಅಡ್ಡಪರಿಣಾಮ. ಒಂದು ರಾತ್ರಿ ತಟ್ಟೆಯ ತಳದಲ್ಲಿ ಬಿಳಿ ಪುಡಿ ಕಂಡಿತು. ಕೈಗೆ ಸಿಕ್ಕ ಲೋಟ ಎಸೆದ. ಅವನ ಲೆಕ್ಕದಲ್ಲಿ ಅದು ಜೀವ ಉಳಿಸಿಕೊಳ್ಳುವ ಏಟು.

ಅಮ್ಮನನ್ನು ನಾನು ಬೈಯಲಿಲ್ಲ. ರುಚಿ ಇಲ್ಲದ ಡ್ರಾಪ್ಸ್ ಬರೆದು "ಗೊತ್ತಾಗದ ಹಾಗೆ ಕೊಡಿ" ಅನ್ನುವ ವೈದ್ಯರೂ ನಮ್ಮಲ್ಲಿದ್ದಾರೆ. ತುರ್ತಿನಲ್ಲಿ ಮನೆಯವರಿಗೆ ಬೇರೆ ದಾರಿ ಕಾಣುವುದಿಲ್ಲ, ಅಲ್ವಾ? ಆದರೆ ಗುಟ್ಟು ಬಯಲಾದ ದಿನ ಏಟು ತಿನ್ನುವುದು ಬಡಿಸಿದ ಕೈಯೇ. ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಇದೆ. ನಡುಕ ಕಡಿಮೆ ಇರುವ ಮಾತ್ರೆಗಳಿವೆ. ಅವನೆದುರೇ ಹೇಳಿ ಕೊಡಬಹುದು.

ರೋಗಿ ರೇಗಿದಾಗ ವಾದಕ್ಕಿಳಿಯಬೇಡಿ. ನಾಲ್ಕು ಜನ ಸುತ್ತುವರಿದು ನಿಲ್ಲಬೇಡಿ, ಬಾಗಿಲಿಗೆ ದಾರಿ ಬಿಡಿ. ಮಚ್ಚು, ಕುಡುಗೋಲು ಮೊದಲೇ ಬೇರೆ ಮನೆಗೆ ಸಾಗಿಸಿ. ಹತ್ತಿರ ಮನೋವೈದ್ಯರಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಮಾವ ಆಮೇಲೆ ಮೆಲ್ಲಗೆ, "ಹುಷಾರಾಗೋವರೆಗೆ ಕಟ್ಟಿಹಾಕಬಹುದಾ?" ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ ಅಂದೆ. ತಮಿಳುನಾಡಿನ ಏರ್ವಾಡಿಯ ಕಥೆಯನ್ನೂ ಹೇಳಿದೆ. 2001ರ ಆಗಸ್ಟ್ 6ರಂದು ಅಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾಗದೆ ಸತ್ತರು. ಮಾವ ಮತ್ತೆ ಆ ಮಾತೆತ್ತಲಿಲ್ಲ.

ಹುಡುಗ ಈಗ ಇಂಜೆಕ್ಷನ್‌ಗೆ ತಾನೇ ಬಸ್ ಹತ್ತಿ ಬರುತ್ತಾನೆ. ಮನೆಯಲ್ಲಿ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಾನಂತೆ. ಮೊದಲ ತುತ್ತು ಅಮ್ಮನೇ ತಿಂದು ತೋರಿಸಬೇಕು ಅನ್ನುವುದನ್ನು ಹೋದ ತಿಂಗಳಿಂದ ಬಿಟ್ಟಿದ್ದಾನೆ.