ಗಾಳಿ ತೋರಿಸಿದಷ್ಟೇ ಹಕ್ಕಿ

ಕಡಲಿಗೆ ಮುಖ ಮಾಡಿ ಮೂರು ಗಂಟೆ ಕೂತರೂ ಕಂಡದ್ದು ನಾಲ್ಕೇ ಹಕ್ಕಿ. ಅವೂ ಸಾಸಿವೆ ಕಾಳಿನಷ್ಟು. ಮರುದಿನ ಅದೇ ಜಾಗ, ಅದೇ ಹೊತ್ತು. ಸಾಲುಸಾಲಾಗಿ ನೂರಾರು ಹಾದುಹೋಗುತ್ತವೆ. ರಾತ್ರಿ ಕಳೆಯುವುದರೊಳಗೆ ಅಷ್ಟೊಂದು ಹಕ್ಕಿ ಎಲ್ಲಿಂದ ಬಂದವು? ನಿನ್ನೆಯೂ ಅವು ಹೋಗುತ್ತಲೇ ಇದ್ದಿರಬಹುದು, ಕಣ್ಣಿಗೆ ಎಟುಕದಷ್ಟು ಆಚೆ. ಬದಲಾದದ್ದು ಗಾಳಿ.

ಉತ್ತರ ಗೋಳಾರ್ಧದಲ್ಲಿ ಏಪ್ರಿಲ್, ಮೇ ಬಂದರೆ ಕಡಲಹಕ್ಕಿಗಳು ಗೂಡು ಕಟ್ಟುವ ಜಾಗಗಳತ್ತ ಹೊರಡುತ್ತವೆ. ಹೆಚ್ಚಿನವು ದಡಕ್ಕೆ ಅಂಟಿಕೊಂಡು ಹಾರುವುದಿಲ್ಲ. ಗಾಳಿ ಕಡಲಿಂದ ದಡದತ್ತ ಬೀಸಿದಾಗ ಮಾತ್ರ ಅವು ಸರಿಯುತ್ತಾ ಸರಿಯುತ್ತಾ ಹತ್ತಿರ ಬರುತ್ತವೆ. ನೀರಿನೊಳಕ್ಕೆ ಚಾಚಿಕೊಂಡ ಭೂಶಿರ ಅಡ್ಡ ಬಂದರೆ ಬಳಸಿಕೊಂಡು ಹೋಗಬೇಕು. ನೋಡುವವರು ಅಲ್ಲೇ ಕಾದು ಕೂರುತ್ತಾರೆ.

ಎದುರುಗಾಳಿಯೂ ನಮ್ಮ ಪಾಲಿಗೆ ಒಳ್ಳೆಯದೇ. ನೀರಿಗೆ ಉಜ್ಜಿಕೊಂಡು ಹೋಗುವ ಗಾಳಿಯ ವೇಗ ಕಡಿಮೆ, ಮೇಲೇರಿದಂತೆ ಜಾಸ್ತಿ. ಹಾಗಾಗಿ ಎದುರುಗಾಳಿಯಿದ್ದರೆ ಹಕ್ಕಿಗಳು ಅಲೆಗೆ ತಾಗುವಷ್ಟು ಕೆಳಗೆ ಹಾರುತ್ತವೆ. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಎತ್ತರಕ್ಕೇರಿ, ಸದ್ದಿಲ್ಲದೆ ನಮ್ಮ ತಲೆಯ ಮೇಲೇ ದಾಟಿಬಿಡಬಹುದು. ಬಿಸಿಲು, ನೀಲಿ ಕಡಲು, ಹಿತವಾದ ಗಾಳಿ: ಪಿಕ್‌ನಿಕ್‌ಗೆ ಸರಿ, ಹಕ್ಕಿಗಲ್ಲ.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಪಟ್ಟಿ, ಇಂಗ್ಲಿಷ್ ಕಾಲುವೆಯ ದಡದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮೇ ಮೊದಲ ವಾರಗಳಲ್ಲಿ ಪೊಮರೈನ್ ಸ್ಕೂವಾ ಎಂಬ ಕಡಲಹಕ್ಕಿಗಳು ಅಟ್ಲಾಂಟಿಕ್‌ನಿಂದ ಆರ್ಕ್ಟಿಕ್ ಟಂಡ್ರಾದತ್ತ ಹೋಗುವ ದಾರಿಯಲ್ಲಿ ಈ ಕಾಲುವೆ ಹಾಯುತ್ತವೆ. ಎದೆ ತುಂಬಿದ ಗಟ್ಟಿ ಹಕ್ಕಿ. ಬಾಲದ ತುದಿಯಲ್ಲಿ ಚಮಚದಂತೆ ತಿರುಚಿಕೊಂಡ ಎರಡು ಗರಿ. ಆಗ್ನೇಯ ಗಾಳಿ ಬೀಸಿದರೆ ಇಂಗ್ಲೆಂಡಿನ ಆಗ್ನೇಯ ತುದಿಯ ಡಂಜೆನೆಸ್ ಭೂಶಿರದಂಥ ಜಾಗದಲ್ಲಿ ನಸುಕಿಗೇ ಟೆಲಿಸ್ಕೋಪ್‌ಗಳು ಸಾಲಾಗಿ ನಿಲ್ಲುತ್ತವೆ. ಹಕ್ಕಿ ನೋಡುವ ಮೊದಲು ಹವಾಮಾನದ ನಕ್ಷೆ ನೋಡುವ ಜನ ಇವರು.

ಹಕ್ಕಿಗಳಿಗೂ ಗಾಳಿಯೇ ನಕ್ಷೆ. ಆರ್ಕ್ಟಿಕ್ ಟರ್ನ್ ಎಂಬ ಪುಟ್ಟ ಕಡಲಹಕ್ಕಿಯ ತೂಕ ಸುಮಾರು 100 ಗ್ರಾಂ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್‌ನ 11 ಹಕ್ಕಿಗಳ ಕಾಲಿಗೆ ದಾರಿ ದಾಖಲಿಸುವ 1.4 ಗ್ರಾಂ ಸಾಧನ ಕಟ್ಟಿ ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಸರಾಸರಿ 70,900 ಕಿ.ಮೀ. ಪಯಣ! ದಕ್ಷಿಣಕ್ಕೆ ಹೋಗಲು 93 ದಿನ ತೆಗೆದುಕೊಂಡವು ಮರಳಿ ಬರಲು ತೆಗೆದುಕೊಂಡದ್ದು 40 ದಿನ. ನೆಟ್ಟಗೆ ಬಂದವಾ? ಅದೂ ಇಲ್ಲ. ಅಟ್ಲಾಂಟಿಕ್‌ನ ಗಾಳಿ ಸುತ್ತುವ ಕಡೆಗೇ ಸುತ್ತುತ್ತಾ, ಇಂಗ್ಲಿಷಿನ ಎಸ್ ಅಕ್ಷರ ಬರೆದಂತೆ ಬಂದವು. ದಾರಿ ಉದ್ದ, ಶ್ರಮ ಕಡಿಮೆ.

ಇನ್ನು ನೋಡುವ ಬಗೆ. ದಡದಲ್ಲಿ ನಿಂತವರಿಗೆ ದಿಗಂತ ಐದು ಕಿಲೋಮೀಟರಿಗಿಂತ ತುಸು ಒಳಗೇ. 20 ಮೀಟರ್ ಎತ್ತರದ ಬಂಡೆ ಹತ್ತಿದರೆ ಸುಮಾರು 16 ಕಿ.ಮೀ. ಆದರೆ ಮೇಲಿನಿಂದ ಕಪ್ಪು ಹಕ್ಕಿ ಕಪ್ಪು ನೀರಲ್ಲಿ ಕರಗಿಹೋಗುತ್ತದೆ. ತಗ್ಗಿನಲ್ಲಿ ಕೂತರೆ ಅದೇ ಹಕ್ಕಿ ಅಲೆ ದಾಟುವಾಗ ಬಾನಿಗೆದುರಾಗಿ ಎದ್ದು ಕಾಣುತ್ತದೆ. ನನ್ನ ಮತ ಸ್ವಲ್ಪವೇ ಎತ್ತರಕ್ಕೆ. ಟೆಲಿಸ್ಕೋಪ್ 25–30 ಪಟ್ಟು ದೊಡ್ಡದು ಮಾಡಿದರೆ ಸಾಕು. ಇನ್ನೂ ಹಿಗ್ಗಿಸಿದರೆ ನೋಟ ಕಿರಿದಾಗಿ ಹಕ್ಕಿಯೇ ತಪ್ಪಿಹೋಗುತ್ತದೆ. ಸೂರ್ಯ ಬೆನ್ನಿಗಿರಲಿ.

ಬಣ್ಣ ಹುಡುಕಬೇಡಿ, ಆ ದೂರದಲ್ಲಿ ಬಣ್ಣ ಇರುವುದೇ ಇಲ್ಲ. ಹಾರುವ ಲಯ ನೋಡಿ. ಟರ್ನ್ ಹಗುರಾಗಿ ಕುಣಿಯುತ್ತಾ ಹೋಗುತ್ತದೆ. ಶಿಯರ್‌ವಾಟರ್ ಎಂಬ ಕಡಲಹಕ್ಕಿ ರೆಕ್ಕೆ ಬಿಗಿಹಿಡಿದು ವಾಲುತ್ತದೆ, ಒಮ್ಮೆ ಬೆನ್ನು, ಒಮ್ಮೆ ಹೊಟ್ಟೆ, ಕಪ್ಪು, ಬಿಳಿ. ಕೆಳಗಿನ ನಿಧಾನ ಗಾಳಿಗೂ ಮೇಲಿನ ಜೋರು ಗಾಳಿಗೂ ನಡುವೆ ಏರಿಳಿದು, ಆ ವ್ಯತ್ಯಾಸದಿಂದಲೇ ಶಕ್ತಿ ಗಿಟ್ಟಿಸಿಕೊಳ್ಳುವ ಉಪಾಯ ಅದು. ಗಾಳಿ ಸತ್ತ ದಿನ ಪಾಪ, ಅದೂ ರೆಕ್ಕೆ ಬಡಿಯಲೇಬೇಕು.

ಲೆಕ್ಕ ಇಡುವವರಿಗೆ ಒಂದು ಮಾತು. ಶರತ್ಕಾಲದ ಗುಂಪಿನಲ್ಲಿ ಆ ವರ್ಷದ ಮರಿಗಳೂ ಇರುತ್ತವೆ. ವಸಂತದಲ್ಲಿ ಕಾಣುವವು ಹೆಚ್ಚಾಗಿ ಬೆಳೆದವೇ. ಹಿಂದಿನ ವರ್ಷ ಹುಟ್ಟಿದ ಆರ್ಕ್ಟಿಕ್ ಟರ್ನ್‌ಗಳಿಗೆ ಗೂಡಿನ ಅವಸರವಿಲ್ಲ. ತಾಯಿ ತಂದೆ ನಿಮ್ಮ ಮುಂದೆ ಉತ್ತರಕ್ಕೆ ಓಡುವ ಹೊತ್ತಿಗೆ, ಅವುಗಳಲ್ಲಿ ಬಹಳಷ್ಟು ಇನ್ನೂ ದಕ್ಷಿಣದ ಕಡಲಲ್ಲೇ ಮೀನು ಹಿಡಿಯುತ್ತಾ ಇರುತ್ತವೆ.