ಪೂಜೆಯಲ್ಲಿ ಅಲುಗಾಡುವ ಮಗು

ಕ್ರಿಸ್ಮಸ್ ಮುಗಿದು ಮನೆಯಲ್ಲಿ ಕುಸ್ವಾರ್ (ಹಬ್ಬದ ತಿಂಡಿ) ಡಬ್ಬ ಖಾಲಿಯಾಗುವ ಹೊತ್ತಿಗೆ ನನಗೆ ಆ ಫೋನ್ ಬರಲು ಶುರುವಾಗುತ್ತದೆ. "ಮೇಡಂ, ಈ ಬೇಸಿಗೆಯಲ್ಲಿ ಇವನ ಮೊದಲ ಪರಮಪ್ರಸಾದ ಉಂಟು. ಅಷ್ಟರೊಳಗೆ ಪೂಜೆಯಲ್ಲಿ ಒಂದು ಗಂಟೆ ಅಲುಗಾಡದೆ ಕೂರುವ ಹಾಗೆ ಮಾಡಿ ಕೊಡಿ." ಕಂಕನಾಡಿಯಿಂದ ಬಂದರೂ ಇದೇ ಮಾತು. ಕಾರ್ಕಳದಿಂದ, ಶಿರ್ವದಿಂದ ಬಂದರೂ ಇದೇ. ಪೂಜೆ ಅಂದರೆ ಇಲ್ಲಿ ಚರ್ಚಿನಲ್ಲಿ ಫಾದರ್ ನಡೆಸುವ ಆರಾಧನೆ. ಅದರಲ್ಲಿ ಪ್ರತಿಷ್ಠೆಯಾದ ರೊಟ್ಟಿಯನ್ನು ಮಗು ಮೊದಲ ಸಲ ಸ್ವೀಕರಿಸುವುದೇ ಮೊದಲ ಪರಮಪ್ರಸಾದ.

ನಾನು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ. ಆಟಿಸಂ (ಮಿದುಳಿನ ಬೆಳವಣಿಗೆಯೇ ಬೇರೆ ರೀತಿ ಇರುವ ಸ್ಥಿತಿ) ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತಾ 20 ವರ್ಷ ದಾಟಿತು. ನಾನೂ ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲೇ ಬೆಳೆದವಳು. ಬೆಂಚಿನಲ್ಲಿ ಕಾಲು ಆಡಿಸಿದ್ದಕ್ಕೆ ತೊಡೆಗೆ ಚಿವುಟಿಸಿಕೊಂಡೇ ದೊಡ್ಡವಳಾದೆ. ಆದ್ದರಿಂದ ಈ ಅಪ್ಪ ಅಮ್ಮಂದಿರ ಸಂಕಟ ನನಗೆ ಗೊತ್ತು. ಆದರೂ ಈಗ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಮೊದಲು ಒಪ್ಪಿಕೊಳ್ಳುತ್ತಿದ್ದೆ.

ಸುಮಾರು 15 ವರ್ಷದ ಹಿಂದೆ 9 ವರ್ಷದ ಒಬ್ಬ ಹುಡುಗ ಬರುತ್ತಿದ್ದ. (ಇಲ್ಲಿ ಬರುವ ಎಲ್ಲರ ಗುರುತನ್ನೂ ಬದಲಿಸಿದ್ದೇನೆ.) ಪೂಜೆಯುದ್ದಕ್ಕೂ ಹಿಂದೆ ಮುಂದೆ ತೂಗುತ್ತಿದ್ದ. ಬೆರಳುಗಳನ್ನು ಕಣ್ಣಿನ ಹತ್ತಿರ ತಂದು ಆಡಿಸುತ್ತಿದ್ದ. ನಾನು ಚಾರ್ಟ್ ಮಾಡಿದೆ, ಸ್ಟಿಕ್ಕರ್ ಕೊಟ್ಟೆ. 5 ನಿಮಿಷ, 10 ನಿಮಿಷ, 20 ನಿಮಿಷ. ಮೂರು ತಿಂಗಳಲ್ಲಿ ಹುಡುಗ 50 ನಿಮಿಷ ಗೊಂಬೆಯ ಹಾಗೆ ಕೂತ. ಊರಿನವರು ಅವನ ಅಮ್ಮನಿಗೆ ಶಹಬ್ಬಾಸ್ ಹೇಳಿದರು. ನನಗೂ ಹೆಮ್ಮೆಯಾಯಿತು. ಮರುದಿನ ಬಂದಾಗ ಕೇಳಿದೆ, "ನಿನ್ನೆ ಫಾದರ್ ಪ್ರಸಂಗದಲ್ಲಿ ಎಂತ ಕಥೆ ಹೇಳಿದರು?"

"ಗೊತ್ತಿಲ್ಲ. ನಾನು ಕೂರುವ ಕೆಲಸ ಮಾಡ್ತಾ ಇದ್ದೆ" ಅಂದ.

ಅವನ ಅಮ್ಮ ನನ್ನ ಮುಖ ನೋಡಿದರು. ಮೊದಲೆಲ್ಲ ತೂಗುತ್ತಾ ಕೂತವನು ಮನೆಗೆ ಹೋಗುವ ರಿಕ್ಷಾದಲ್ಲಿ ಪ್ರಸಂಗವನ್ನು ಸಾಲು ಸಾಲಾಗಿ ಒಪ್ಪಿಸುತ್ತಿದ್ದನಂತೆ. ಕಳೆದ ಎರಡು ತಿಂಗಳಿಂದ ಆ ಮಾತೇ ನಿಂತುಹೋಗಿತ್ತು. ಅದನ್ನು ಅವರಾಗಲಿ ನಾನಾಗಲಿ ಗಮನಿಸಿರಲಿಲ್ಲ. ನಾವು ಚಾರ್ಟ್ ನೋಡುತ್ತಿದ್ದೆವು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಯಾಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಈ ಒಂದು ವಿಷಯವನ್ನು. ಮಗು ತೂಗುವುದು ಪೂಜೆಯ ಕಡೆ ಗಮನ ಇಲ್ಲದೆ ಅಂತ ನೀವು ತಿಳಿದಿದ್ದೀರಿ. ಹೆಚ್ಚಿನ ಮಕ್ಕಳಲ್ಲಿ ನಾನು ಕಂಡಿರುವುದು ಇದರ ಉಲ್ಟಾ. ಅಲ್ಲೇ ಉಳಿಯಲಿಕ್ಕೆ ಅವನು ತೂಗುತ್ತಾನೆ.

ಒಂದು ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಕೇಳಿ ನೋಡಿ. ನಮ್ಮ ಇಗರ್ಜಿಗಳಿಗೆ ಎತ್ತರದ ಮಾಡು, ನುಣುಪು ನೆಲ. ಒಂದು ಕೆಮ್ಮು ನಾಲ್ಕು ಸಲ ಕೇಳಿಸುತ್ತದೆ. ಹತ್ತಿಪ್ಪತ್ತು ಫ್ಯಾನುಗಳು ತಿರುಗುತ್ತಿರುತ್ತವೆ. ಮೈಕ್ ಕೀರಲುತ್ತದೆ. ಕೀಬೋರ್ಡು, ಕೊಯರ್, ನಡುವೆ ಇದ್ದಕ್ಕಿದ್ದ ಹಾಗೆ ಗಂಟೆ. ಧೂಪದ ಹೊಗೆ, ಮುಂದಿನ ಬೆಂಚಿನ ಆಂಟಿ ಮುಡಿದ ಶಂಕರಪುರ ಮಲ್ಲಿಗೆ. ನಮ್ಮ ಮಿದುಳು ಇದರಲ್ಲಿ ಮುಕ್ಕಾಲು ಪಾಲನ್ನು ಎರಡೇ ನಿಮಿಷದಲ್ಲಿ ಬದಿಗೆ ಸರಿಸಿಬಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಅದು ಹಾಗೆ ಬದಿಗೆ ಸರಿಯುವುದಿಲ್ಲ. 50ನೇ ನಿಮಿಷದಲ್ಲೂ ಫ್ಯಾನ್ ಮೊದಲ ನಿಮಿಷದಷ್ಟೇ ಜೋರು. ಇದು ಪೋಷಕರ ಕಲ್ಪನೆ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ರೋಗ ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ, ಶಬ್ದ, ಬೆಳಕು, ಸ್ಪರ್ಶಕ್ಕೆ ಹೀಗೆ ಜಾಸ್ತಿ ಅಥವಾ ಕಮ್ಮಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದ್ದಾರೆ.

ಇಷ್ಟೆಲ್ಲಾ ಒಟ್ಟಿಗೆ ನುಗ್ಗುವಾಗ ದೇಹಕ್ಕೆ ಒಂದು ಹಿಡಿತ ಬೇಕು. ತೂಗುವಾಗ ಒಳಕಿವಿಗೆ, ಕೀಲುಗಳಿಗೆ, ಸ್ನಾಯುಗಳಿಗೆ ಒಂದೇ ತಾಳದ ಸಂದೇಶ ಹೋಗುತ್ತದೆ. ಮುಂದೇನು ಬರುತ್ತದೆ ಅಂತ ಮಗುವಿಗೆ ಗೊತ್ತಿರುವುದು ಅದೊಂದೇ. ಅದನ್ನು ಹಿಡಿದುಕೊಂಡು ಅವನು ಉಳಿದದ್ದನ್ನು ಕೇಳುತ್ತಾನೆ. ನೀವು ಅದನ್ನೇ ನಿಲ್ಲಿಸಿ ಅಂದರೆ? ತುಂಬಿದ ಕೊಡವನ್ನು ತಲೆ ಮೇಲಿಟ್ಟು ಒಂದು ಹನಿ ಚೆಲ್ಲದೆ ನಡೆ, ಹಾಗೆಯೇ ನಾನು ಹೇಳುವ ಕಥೆಯನ್ನೂ ಕೇಳು ಅಂದ ಹಾಗೆ. ನಡೆದಾನು. ಕಥೆ ಕೇಳಲಾರ.

ಇಷ್ಟು ಹೇಳಿದ ಮೇಲೆ ಪೋಷಕರು ತಲೆ ಆಡಿಸುತ್ತಾರೆ. ಬಾಗಿಲ ತನಕ ಹೋಗಿ ತಿರುಗುತ್ತಾರೆ. "ಅರ್ಥ ಆಯ್ತು ಮೇಡಂ. ಆದರೆ ಆ ಒಂದು ದಿನ ಮಾತ್ರ ಅಲುಗಾಡದಿದ್ದರೆ ಸಾಕಿತ್ತು. ವಿಡಿಯೋ ಎಲ್ಲ ಉಂಟಲ್ವಾ?" ಅಯ್ಯೋ, ಅದೇ ದಿನ ಎಲ್ಲಕ್ಕಿಂತ ಕಷ್ಟದ ದಿನ ಮಾರಾಯ್ರೇ! ಹೊಸ ಬಟ್ಟೆ, ಹೊಸ ಶೂ, ಕೈಯಲ್ಲಿ ಉರಿಯುವ ಮೇಣದಬತ್ತಿ, ಕಣ್ಣಿಗೆ ಕ್ಯಾಮೆರಾ ಲೈಟು, ಬಾಂಬೆಯಿಂದಲೂ ಗಲ್ಫಿನಿಂದಲೂ ಬಂದ ನೆಂಟರು, ಬೇಸಿಗೆಯ ಬೆವರು. ವರ್ಷದಲ್ಲಿ ಒಂದು ದಿನ ಅವನು ಜಾಸ್ತಿ ತೂಗಬೇಕಾದರೆ ಅದು ಆ ದಿನವೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಚಲನೆಯೂ ಒಂದೇ ಅಲ್ಲ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಇದ್ದರೆ ಅದಕ್ಕೆ ಸಹಾಯ ಬೇಕು. ಇದುವರೆಗೆ ಇಲ್ಲದ ಚಡಪಡಿಕೆ ಒಮ್ಮೆಲೇ ಶುರುವಾದರೆ ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿ. ನೋವನ್ನು ಬಾಯಿಬಿಟ್ಟು ಹೇಳಲಾಗದ ಮಕ್ಕಳು ಹೀಗೆ ಹೇಳುವುದುಂಟು.

ನನ್ನ ಅನುಭವದಲ್ಲಿ ಹೆಚ್ಚಿನ ಫಾದರ್‌ಗಳಿಗೆ ಇದನ್ನು ಒಮ್ಮೆ ವಿವರಿಸಿದರೆ ಸಾಕು. ಸಮಸ್ಯೆ ಬೆಂಚುಗಳದ್ದು. ಮುಂದಿನ ಸಾಲಿನವರು ಹಿಂದೆ ತಿರುಗಿ ನೋಡುತ್ತಾರಲ್ಲಾ, ಆ ಒಂದು ನೋಟಕ್ಕೆ ಎಷ್ಟು ಅಮ್ಮಂದಿರು ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾರೆ ಅಂತ ನನಗೆ ಗೊತ್ತು. ಒಂದು ಕಡೆಯಂತೂ ದೊತೊರ್ನ್ (ಧರ್ಮೋಪದೇಶ) ಕಲಿಸುವವರೇ, "ಇವನಿಗೆ ಅರ್ಥವೇ ಆಗುವುದಿಲ್ಲ, ಇವನಿಗೆ ಪರಮಪ್ರಸಾದ ಯಾಕೆ?" ಅಂತ ತಾಯಿಯ ಮುಖಕ್ಕೆ ಹೇಳಿದರು. ಆ ತಾಯಿ ನನ್ನ ಕ್ಲಿನಿಕ್ಕಿನಲ್ಲಿ ಕೂತು ಅರ್ಧ ಗಂಟೆ ಅತ್ತರು.

ಸಂಸ್ಕಾರಗಳ ವಿಷಯದಲ್ಲಿ ಕೊನೆಯ ಮಾತು ಗುರುಗಳದ್ದು, ನನ್ನದಲ್ಲ. ಆದರೆ ಓದಿ ತಿಳಿದದ್ದನ್ನು ಹೇಳಬಹುದಲ್ಲಾ. 1910ರಲ್ಲಿ 10ನೇ ಪಿಯುಸ್ ಪೋಪರು ಮೊದಲ ಪರಮಪ್ರಸಾದದ ವಯಸ್ಸನ್ನು ಸುಮಾರು 7 ವರ್ಷಕ್ಕೆ ಇಳಿಸಿದರು. ಆಗ ಅವರು ದೊಡ್ಡ ಪಾಂಡಿತ್ಯ ಕೇಳಲಿಲ್ಲ. ಇದು ಸಾಮಾನ್ಯ ರೊಟ್ಟಿಯಲ್ಲ ಅನ್ನುವ ವ್ಯತ್ಯಾಸ ಮಗುವಿಗೆ ತನ್ನ ಮಟ್ಟಿಗೆ ತಿಳಿದಿರಬೇಕು ಅಂದರು. ಅಮೆರಿಕದ ಬಿಷಪರು 1995ರಲ್ಲಿ ಅಂಗವಿಕಲರಿಗಾಗಿ ಬರೆದ ಮಾರ್ಗಸೂಚಿಯಲ್ಲಿ ಇನ್ನೂ ಬಿಡಿಸಿ ಹೇಳಿದರು. ಆ ತಿಳಿವಳಿಕೆಯನ್ನು ಬಾಯಲ್ಲೇ ಹೇಳಬೇಕಾಗಿಲ್ಲ. ನಡವಳಿಕೆ, ಸನ್ನೆ, ಗೌರವದ ಮೌನ ಯಾವುದರಲ್ಲಿ ತೋರಿಸಿದರೂ ಆಗುತ್ತದೆ. ಅದು ನಮ್ಮ ದೇಶಕ್ಕೆ ಬರೆದದ್ದಲ್ಲ, ನಿಜ. ಆದರೂ ನಿಮ್ಮ ಫಾದರ್ ಜೊತೆ ಮಾತಾಡುವಾಗ ನೆನಪಿರಲಿ.

ನಮ್ಮಲ್ಲಿ ಈ ಮಕ್ಕಳಿಗೆ ಹೊಂದುವಂಥದ್ದು ಎಷ್ಟೊಂದು ಉಂಟು! ಪೂಜೆಯ ಕ್ರಮ ಪ್ರತಿ ವಾರ ಒಂದೇ. ಮುಂದೇನು ಅಂತ ಗಾಬರಿಯಾಗಬೇಕಾಗಿಲ್ಲ. ಏಳು, ಕೂರು, ಮೊಣಕಾಲೂರು ಅಂತ ದೇಹಕ್ಕೆ ಆಗಾಗ ಕೆಲಸವೂ ಸಿಗುತ್ತದೆ. ಶಾಂತಿಯ ಸಂಕೇತಕ್ಕೆ ನಾವು ಕೈಮುಗಿಯುತ್ತೇವೆ. ಅಪರಿಚಿತರು ಕೈ ಹಿಡಿದು ಕುಲುಕುವುದು ಇಲ್ಲ. ಮುಟ್ಟಿದರೆ ಬೆಚ್ಚಿಬೀಳುವ ಮಗುವಿಗೆ ಇದು ಎಷ್ಟು ದೊಡ್ಡ ಉಪಕಾರ ಗೊತ್ತಾ? ಇನ್ನು ಜಪಸರ. ಆ ಹುಡುಗ ಇದ್ದನಲ್ಲಾ, ಕೂರುವ ಕೆಲಸ ಮಾಡಿದವನು, ಅವನಿಗೆ ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಅಂದರೆ ಪ್ರಾಣ. 53 ಸಣ್ಣ ಮಣಿ, 6 ದೊಡ್ಡ ಮಣಿ, ಬೆರಳಿಗೆ ಕೆಲಸ, ಕಿವಿಗೆ ಒಂದೇ ರಾಗ. ಅಜ್ಜಿ ಒಮ್ಮೆ ನಿದ್ದೆಗಣ್ಣಲ್ಲಿ ಹತ್ತು ಮಣಿಯ ಸುತ್ತನ್ನು 9ಕ್ಕೇ ಮುಗಿಸಿ ಮುಂದೆ ಹೋದರು. ಇವನು ಬಿಡಲಿಲ್ಲ. "ಒಂದು ಬಾಕಿ ಉಂಟು." ಅಜ್ಜಿ ಹಿಂದೆ ಬಂದು ಆ ಒಂದನ್ನು ಹೇಳಿಯೇ ಮುಂದೆ ಹೋಗಬೇಕಾಯಿತು. ಮುಗಿದ ಮೇಲೆ ಎಲ್ಲರ ಹತ್ತಿರ ಬೆಸಾಂವ್ (ಆಶೀರ್ವಾದ) ಬೇಡುವಾಗಲೂ ಅಷ್ಟೆ, ವಯಸ್ಸಿನ ಕ್ರಮ ತಪ್ಪಬಾರದು ಅವನಿಗೆ.

ದೊಡ್ಡವರ ವಿಷಯ ಬೇರೆ. ಮಗುವಾದರೆ ತೂಗುತ್ತದೆ, ಕಾಣುತ್ತದೆ. ದೊಡ್ಡವರು ಅದನ್ನು ಅಡಗಿಸಲು ಕಲಿತಿರುತ್ತಾರೆ. ಉಡುಪಿ ಕಡೆಯ ಒಬ್ಬರು, 34 ವರ್ಷ, ಬ್ಯಾಂಕಿನಲ್ಲಿ ಕೆಲಸ. ಆಟಿಸಂ ಅಂತ ಮನೋವೈದ್ಯರು ಹೇಳಿದ್ದು 31ನೇ ವಯಸ್ಸಿನಲ್ಲಿ. ಕೊಯರ್ ಇಲ್ಲ ಅನ್ನುವ ಕಾರಣಕ್ಕೆ ಬೆಳಗಿನ ಮೊದಲ ಪೂಜೆಗೆ ಹೋಗುತ್ತಾರೆ. ಒಂದು ಪ್ರಾರ್ಥನಾ ಕೂಟದಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತಂತೆ. ನಡೆಸುವವರು ಇವರನ್ನು ಕೇಳಿದರು, "ನಿಮಗೆ ಏನನ್ನಿಸಿತು?" ಸುಳ್ಳು ಹೇಳಬಾರದಲ್ಲಾ, "ಏನೂ ಅನ್ನಿಸಲಿಲ್ಲ" ಅಂದರು. "ನಿಮ್ಮ ಹೃದಯ ಕಲ್ಲಾಗಿದೆ" ಅನ್ನುವ ಉತ್ತರ ಬಂತು. ಮೂರು ವರ್ಷ ಇವರು ಪೂಜೆಗೆ ಹೋದರು, ಪರಮಪ್ರಸಾದ ಮಾತ್ರ ತೆಗೆದುಕೊಳ್ಳಲಿಲ್ಲ. ಕಲ್ಲು ಹೃದಯದವನಿಗೆ ಹಕ್ಕಿಲ್ಲ ಅಂತ. ಹೇಳಿದವರಿಗೆ ಆ ಮಾತು ನೆನಪೂ ಇರಲಿಕ್ಕಿಲ್ಲ.

ನನ್ನ ಕಸುಬಿನಿಂದ ಹೇಳಬಹುದಾದದ್ದನ್ನು ಹೇಳಿದೆ. ಆಟಿಸಂ ಇರುವ ಅನೇಕರಿಗೆ ತಮ್ಮೊಳಗೆ ಆಗುತ್ತಿರುವ ಭಾವನೆಗೆ ಹೆಸರು ಇಡುವುದು ಕಷ್ಟ. ಕೆಲವರಿಗೆ ದಿನ ಕಳೆದ ಮೇಲೆ ಗೊತ್ತಾಗುತ್ತದೆ. ಅಲೆಕ್ಸಿಥೀಮಿಯ ಅಂತ ಅದಕ್ಕೊಂದು ಹೆಸರೇ ಇದೆ. "ಹಾಗಾದರೆ ನನಗೆ ಭಕ್ತಿ ಇದೆಯಾ ಇಲ್ಲವಾ ಅಂತ ನೋಡುವುದು ಹೇಗೆ?" ಅಂತ ಕೇಳಿದರು. ಅದು ನನಗೆ ಗೊತ್ತಿಲ್ಲ, ಫಾದರ್ ಹತ್ತಿರ ಕೇಳಿ ಅಂದೆ. ಕೇಳಿದರು. ವಯಸ್ಸಾದ ಫಾದರ್. "ಈ ಮೂರು ವರ್ಷದಲ್ಲಿ ಎಷ್ಟು ಭಾನುವಾರ ತಪ್ಪಿಸಿದ್ದೀ ಪುತಾ (ಮಗಾ)?" ಅಂದರಂತೆ. "ಒಂದೂ ಇಲ್ಲ ಫಾದರ್." "ಏನೂ ಅನ್ನಿಸದೆಯೂ ಬಂದೆಯಲ್ಲಾ."

ಅದರ ಮುಂದಿನ ಭಾನುವಾರ ಇವರು ಸಾಲಿನಲ್ಲಿ ನಿಂತರು. ಈಗ ಊರಿನ ಬಡವರ ನಿಧಿಯ ಲೆಕ್ಕ ಇವರ ಕೈಯಲ್ಲಿದೆ. ಒಂದು ರೂಪಾಯಿ ಆಚೆ ಈಚೆ ಆಗುವುದಿಲ್ಲ.

ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿಯುವವರ ಜೊತೆ ಸ್ವಲ್ಪ ಜಾಗ್ರತೆ ಬೇಕು. "ಯೇಸು ನಿನ್ನ ಹತ್ತಿರ ಮಾತಾಡುತ್ತಾನೆ" ಅಂದರೆ ರಾತ್ರಿಯಿಡೀ ಧ್ವನಿಗಾಗಿ ಕಾಯುವ ಮಕ್ಕಳಿದ್ದಾರೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಬಲಗಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಅಂತ ಬರುತ್ತದಲ್ಲಾ, ಅದನ್ನು ಓದುವ ಮೊದಲೇ ಇದು ಮಾತಿನ ರೀತಿ ಅಂತ ಬಿಡಿಸಿ ಹೇಳಿ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದು ಅನ್ನುವ ನಿಯಮ ಕೇಳಿ, ಟೂತ್‌ಪೇಸ್ಟ್ ನುಂಗಿದೆನಾ ಅಂತ ವಾರವಿಡೀ ನಿದ್ದೆಗೆಟ್ಟ ಹುಡುಗಿಯನ್ನು ನೋಡಿದ್ದೇನೆ. ಫಾದರ್ ಕಾಗದದಲ್ಲಿ ಬರೆದು ಕೊಟ್ಟರು: ಟೂತ್‌ಪೇಸ್ಟ್ ಆಹಾರವಲ್ಲ. ಅವಳಿಗೆ ಅಷ್ಟು ಸಾಕಾಯಿತು. ಆದರೆ ಇಂಥ ಚಿಂತೆ ದಿನಕ್ಕೆ ಗಂಟೆಗಟ್ಟಲೆ ತಿನ್ನುತ್ತಿದ್ದರೆ, ಕೈ ತೊಳೆದದ್ದೇ ತೊಳೆಯುತ್ತಿದ್ದರೆ, ಅದು ಗೀಳಿನ ಕಾಯಿಲೆಯೂ ಆಗಿರಬಹುದು. ಆಟಿಸಂ ಜೊತೆ ಅದೂ ಇರುವುದುಂಟು. ಮನೋವೈದ್ಯರಿಗೆ ತೋರಿಸಿ.

ಧ್ಯಾನಕೂಟಕ್ಕೆ ಕರೆದುಕೊಂಡು ಹೋಗುವವರಿಗೆ ಒಂದೇ ಮಾತು. ಪ್ರಾರ್ಥನೆ ಮಾಡಿಸಿ, ನಾನು ಬೇಡ ಅನ್ನುವುದಿಲ್ಲ. ಫಿಟ್ಸ್ ಮಾತ್ರೆಯನ್ನು ಮಾತ್ರ ಒಂದು ದಿನವೂ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಇನ್ನು ನನ್ನ ಹತ್ತಿರ ಬರುವುದಾದರೆ ಕೊನೆಯ ವಾರ ಬರಬೇಡಿ. ಎರಡು ಮೂರು ತಿಂಗಳು ಮೊದಲು ಬನ್ನಿ. ಪ್ರತಿಷ್ಠೆಯಾಗದ ಓಸ್ತಿ (ಪರಮಪ್ರಸಾದದ ರೊಟ್ಟಿ) ನಾಲ್ಕೈದು ಸಿಗುತ್ತದಾ ಅಂತ ಫಾದರ್ ಹತ್ತಿರ ಕೇಳಿ ನೋಡಿ. ಅಂಗುಳಕ್ಕೆ ಅಂಟಿಕೊಳ್ಳುವ ಆ ತೆಳು ರೊಟ್ಟಿಯೇ ಕೆಲವು ಮಕ್ಕಳಿಗೆ ದೊಡ್ಡ ಸಮಸ್ಯೆ. ಸಣ್ಣ ಚೂರಿನಿಂದ ಶುರುಮಾಡುವಾ. ಸ್ವಲ್ಪವೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲಿಕ್ಕೂ ಚರ್ಚಿನ ಕಾನೂನಿನಲ್ಲಿ ಅವಕಾಶ ಉಂಟು. ಫಾದರ್ ಜೊತೆ ಮಾತಾಡಿ. ಒಂದು ವಾರದ ದಿನ ಖಾಲಿ ಚರ್ಚಿಗೆ ಹೋಗಿ, ಫ್ಯಾನು, ಮೈಕ್ ಹಾಕಿಸಿ, ಅವನು ನಡೆಯುವ ದಾರಿಯಲ್ಲಿ ನಾಲ್ಕು ಸಲ ನಡೆಸಿ. ಬೆಂಚಿನ ತುದಿಯ ಜಾಗ ಕೇಳಿಟ್ಟುಕೊಳ್ಳಿ, ಬಾಗಿಲಿಗೆ ಹತ್ತಿರ ಇರಲಿ. ಕಿವಿಗೆ ಹೆಡ್‌ಫೋನ್ ಬೇಕಾದರೆ ಹಾಕಿಕೊಳ್ಳಲಿ, ಹಾಡು ಕೇಳುತ್ತಿದ್ದಾನೆ ಅಂತ ಯಾರಾದರೂ ತಿಳಿದರೆ ನೀವೇ ಹೇಳಿ.

ಮತ್ತೆ ಆ ಬಿಳಿ ಬಟ್ಟೆ. ಅದನ್ನು ಹಬ್ಬದ ದಿನಕ್ಕೆ ಅಂತ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಡಬೇಡಿ. ಕಾಲರಿನ ಲೇಬಲ್ ಬಿಚ್ಚಿ, ನಾಲ್ಕು ಸಲ ಒಗೆದು, ಗಂಜಿ ಹಾಕದೆ ತನ್ನಿ. ಇಲ್ಲೇ ಹಾಕಿಸಿ ನೋಡುವಾ. ಚುಚ್ಚುತ್ತದೆ ಅಂತ ಅವನು ಹೇಳಿದರೆ ಚುಚ್ಚುತ್ತದೆ ಅಂತಲೇ.